ಸರೋವರ ಮಗುಚುವ ಹೊತ್ತಿನಲ್ಲಿ ವಾಲೈ ಹಿಡಿಯುವುದು

ಅಮೆರಿಕದ ಮಿನ್ನೆಸೋಟಾ ರಾಜ್ಯದ ಉತ್ತರ ಭಾಗದಲ್ಲಿ ವರ್ಮಿಲಿಯನ್ ಅಂತ ದೊಡ್ಡ ಸರೋವರವಿದೆ. ಸೆಪ್ಟೆಂಬರ್ ಕೊನೆಗೆ ವಾಲೈ ಅನ್ನುವ ಸಿಹಿನೀರಿನ ಮೀನು ಹಿಡಿಯಲು ಅಲ್ಲಿ ದೋಣಿ ಇಳಿಸಿದರೆ ನಾನು ತಕ್ಷಣ ಗಾಳ ಹಾಕುವುದಿಲ್ಲ. ಮೊದಲು ಥರ್ಮಾಮೀಟರ್ ಅದ್ದಿ ನೀರು ಎಷ್ಟು ತಣ್ಣಗಾಗಿದೆ ಅಂತ ನೋಡುತ್ತೇನೆ.

ಇಂಥ ಆಳದ ಸರೋವರಗಳಲ್ಲಿ ಬೇಸಿಗೆಯಿಡೀ ಮೇಲೆ ಬೆಚ್ಚಗಿನ ನೀರು, ಕೆಳಗೆ ತಣ್ಣೀರು. ಎರಡೂ ಬೆರೆಯುವುದಿಲ್ಲ. ತಳದಲ್ಲಿ ಆಮ್ಲಜನಕ ಕಡಿಮೆ. ಮೇಲಿನ ನೀರು 50-55 ಡಿಗ್ರಿ ಫ್ಯಾರನ್‌ಹೀಟ್‌ಗೆ ಇಳಿಯುವ ಹೊತ್ತಿಗೆ ಅದೂ ತಳದ ನೀರಿನಷ್ಟೇ ಭಾರವಾಗುತ್ತಾ ಬರುತ್ತದೆ. ಆಗ ಜೋರು ಗಾಳಿ ಬೀಸಿದರೆ ಮೇಲಿನ ನೀರು, ಕೆಳಗಿನ ನೀರು ಬೆರೆತು ಇಡೀ ಸರೋವರ ಮಗುಚಿಕೊಳ್ಳುತ್ತದೆ. ನೀರು ಕದಡಿ, ಕೊಳೆತ ಕಳೆ ತೇಲಿ, ಕೆಲವು ಸಲ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಮೀನು ಚೆದುರಿಹೋಗುತ್ತದೆ. ಅಂಥ ವಾರ ಅಲ್ಲೇ ಸುಮ್ನೆ ಕೂರಬೇಡಿ, ಹತ್ತಿರದ ಆಳ ಕಡಿಮೆಯ ಕೆರೆಗೆ ಹೋಗಿ. ಇಲ್ಲವೇ ದಡದ ಕಳೆ ಹುಡುಕಿ. ಗಾಳಕ್ಕೆ ಸಿಕ್ಕಿದ ಕಳೆಯನ್ನು ಕೈಯಲ್ಲಿ ಮುರಿದು ನೋಡಿ. ಹಸಿರಾಗಿ, ಪಟ್ಟನೆ ಮುರಿದರೆ ಅಲ್ಲಿ ಪೈಕ್ ಅನ್ನುವ ಇನ್ನೊಂದು ಜಾತಿಯ ಮೀನು ಇರಬಹುದು. ಕಂದಾಗಿ ಲೊಳೆಲೊಳೆ ಅಂದರೆ ಮುಂದೆ ಹೋಗಿ.

ಮಗುಚಿ ನೀರು ತಿಳಿಯಾದ ಮೇಲೆ ವಾಲೈ ಕಾಲ. ತಳ ಕಡಿದಾಗಿ ಇಳಿಯುವ ಕಲ್ಲಿನ ಅಂಚಿನಲ್ಲಿ, 20-30 ಅಡಿ ಆಳದಲ್ಲಿ ಹುಡುಕಿ. ಕಾಲು ಔನ್ಸ್ ಜಿಗ್‌ಗೆ, ಅಂದರೆ ತಲೆಯಲ್ಲಿ ಭಾರದ ಗುಂಡಿರುವ ಗಾಳಕ್ಕೆ, ಮಿನ್ನೋ ಅನ್ನುವ ಜೀವಂತ ಪುಟ್ಟ ಮೀನು ಚುಚ್ಚಿ, ಬೇಸಿಗೆಗಿಂತ ದೊಡ್ಡದನ್ನೇ ಆರಿಸಿ. ವಾಲೈ ತಿನ್ನುವ ಆ ವರ್ಷದ ಮರಿಮೀನುಗಳೆಲ್ಲ ಬೆಳೆದಿರುತ್ತವೆ ಅಲ್ವಾ, ವಾಲೈ ಅದೇ ಗಾತ್ರಕ್ಕೆ ಒಗ್ಗಿಕೊಂಡಿರುತ್ತದೆ. ಜಿಗ್ಗನ್ನು ತಳ ಮುಟ್ಟಿಸಿ, ಅರ್ಧ ಅಡಿ ಎತ್ತಿ, ಹಾಗೇ ಹಿಡಿದಿರಿ. ನೀರು ತಣ್ಣಗಾದಷ್ಟೂ ನಿಧಾನ.

ಚಿಕ್ಕಂದಿನಲ್ಲಿ ತುಂಗೆಯ ದಡದಲ್ಲಿ ಎರೆಹುಳು ಚುಚ್ಚಿ ಕೂತಾಗ ಮೀನು ದಾರವನ್ನು ಜಗ್ಗಿ ಎಳೆಯುತ್ತಿತ್ತು. ಇಲ್ಲಿ ಹಾಗಲ್ಲ. ಒದ್ದೆ ಎಲೆಯೊಂದು ದಾರಕ್ಕೆ ಅಂಟಿದಷ್ಟೇ ಭಾರ. ಅದು ಕೈಗೆ ತಿಳಿದ ಕೂಡಲೇ ಗಾಳದ ಕಡ್ಡಿಯ ತುದಿ ಸ್ವಲ್ಪ ತಗ್ಗಿಸಿ, ಎರಡು ಎಣಿಸಿ, ಎತ್ತಿ.

30 ಅಡಿಗಿಂತ ಕೆಳಗಿಂದ ಎಳೆದ ವಾಲೈಯನ್ನು ವಾಪಸ್ ಬಿಟ್ಟರೂ ಎಷ್ಟೋ ಸಲ ಬದುಕುವುದಿಲ್ಲ, ಒಳಗಿನ ಗಾಳಿಚೀಲ ಉಬ್ಬಿರುತ್ತದೆ. ಮನೆಗೆ ಬೇಕಾದಷ್ಟು ಸಿಕ್ಕಿದ ಮೇಲೆ ನಾನು ಆಳಕ್ಕೆ ಗಾಳ ಬಿಡುವುದೇ ಇಲ್ಲ. ಲೈಸೆನ್ಸ್, ಆ ಸರೋವರದಲ್ಲಿ ಎಷ್ಟು ಮೀನು ಹಿಡಿಯಬಹುದು ಅನ್ನುವ ಮಿತಿ ಎರಡನ್ನೂ ಮೊದಲೇ ನೋಡಿಕೊಳ್ಳಿ. ಲೈಫ್ ಜಾಕೆಟ್ ಸೀಟಿನ ಕೆಳಗಲ್ಲ, ಮೈಮೇಲೇ ಇರಲಿ. ಅಷ್ಟು ತಣ್ಣೀರಿಗೆ ಬಿದ್ದರೆ ಕೆಲವೇ ನಿಮಿಷದಲ್ಲಿ ಬೆರಳು ಮರಗಟ್ಟುತ್ತದೆ, ಆಮೇಲೆ ಬಕಲ್ ಹಾಕಲು ಆಗುವುದಿಲ್ಲ.