ನಾಲ್ಕು ಲೆಕ್ಕದ ಪುಸ್ತಕ, ಒಂದು ಕಾದಂಬರಿ: ನನ್ನ ಅನುಭವ

"ಮಂಗಳೂರಲ್ಲಿ ಎಂತ ಸಸ್ಪೆನ್ಸ್ ಅಕ್ಕ? ಪಕ್ಕದ ಫ್ಲ್ಯಾಟಿನಲ್ಲಿ ಇವತ್ತು ಬಂಗುಡೆ ಮೀನೋ ಬೂತಾಯಿ ಮೀನೋ ಅಂತ ಮೆಟ್ಟಿಲಲ್ಲೇ ಗೊತ್ತಾಗ್ತದೆ." ನಮ್ಮೂರಿನ ಒಂದು ಫ್ಲ್ಯಾಟ್ ಕಟ್ಟಡದಲ್ಲೇ ನಡೆಯುವ ಸಸ್ಪೆನ್ಸ್ ಕಾದಂಬರಿ ಬರೆಯುತ್ತೇನೆ ಅಂದಾಗ ಬರೆಯುವ ಗೆಳೆಯರೊಬ್ಬರ ಮಾತು ಇದು. ಈಗ ಪುಸ್ತಕ ಎರಡನೇ ಮುದ್ರಣಕ್ಕೆ ಹೋಗುತ್ತಿದೆ. ಹೇಗೆ ಮಾಡಿದೆ ಅಂತ ಕೇಳುವವರು ಜಾಸ್ತಿಯಾದ್ದರಿಂದ ಬರೆಯುತ್ತಿದ್ದೇನೆ. ಪಾತ್ರ, ತಿರುವು ಇವೆಲ್ಲ ನಿಮಗೆ ಗೊತ್ತಿರುವುದೇ, ಬಿಡುತ್ತೇನೆ.

ಮೊದಲ ಕರಡು ಬರೆದದ್ದು 2020ರ ಲಾಕ್‌ಡೌನ್‌ನಲ್ಲಿ. ಮಂಗಳೂರಿನ ಬಿಜೈ ಕಡೆಯ ಒಂದು ಅಪಾರ್ಟ್‌ಮೆಂಟ್, 32 ಮನೆ, ಗೇಟು, ವಾಚ್‌ಮನ್, ಕ್ಯಾಮೆರಾ, ಟೆರೇಸಿನಲ್ಲಿ ಒಂದು ಸಾವು. ಸುಮಾರು 340 ಪುಟ. ಓದಿದ ಆರು ಜನರಲ್ಲಿ ಐದು ಜನ 60ನೇ ಪುಟಕ್ಕೇ ಕೊಲೆಗಾರ ಯಾರಂತ ಹಿಡಿದರು. ಇನ್ನೂ ಇಬ್ಬರ ಮೇಲೆ ಸಂಶಯ ಬರುವ ಹಾಗೆ ಮಾಡಿ, ಒಂದು ಹಳೇ ಪತ್ರ ಸೇರಿಸಿ, ಎರಡನೇ ಕರಡು ಮಾಡಿದೆ. ಅದು ಇನ್ನೂ ಕೆಟ್ಟಿತು. ಪ್ರಕಾಶಕರೊಬ್ಬರು ಎಂಟು ತಿಂಗಳು ಇಟ್ಟುಕೊಂಡು ವಾಪಸ್ ಕಳಿಸಿದರು. ಪುಟಕ್ಕೆ 30 ರೂಪಾಯಿ ಲೆಕ್ಕದಲ್ಲಿ ಡಿಟಿಪಿಗೆ, ಅಂದರೆ ಕಂಪ್ಯೂಟರಿನಲ್ಲಿ ಪುಟ ಜೋಡಿಸಲಿಕ್ಕೆ, ಕೊಟ್ಟ ಹತ್ತು ಸಾವಿರ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಆ ವರ್ಷ ಬರೆಯುವುದನ್ನೇ ಬಿಟ್ಟಿದ್ದೆ.

ತಪ್ಪು ಎಲ್ಲಿ ಅಂತ ಆಮೇಲೆ ಗೊತ್ತಾಯಿತು. ನಾನು ಮೊದಲು ಗುಟ್ಟು ಮಾಡಿ, ಆಮೇಲೆ ಅದನ್ನು ಮುಚ್ಚುತ್ತಿದ್ದೆ. ತೇಪೆ ಹಾಕಿದ ಜಾಗ ಓದುವವರ ಕೈಗೆ ಸಿಕ್ಕೇ ಸಿಗುತ್ತದೆ.

ದಾರಿ ಸಿಕ್ಕಿದ್ದು ಒಂದು ಪಾಚಿಯಿಂದ. ನಮ್ಮ ಅಸೋಸಿಯೇಷನ್ನಿಗೆ ನಾನು ಮೂರು ವರ್ಷ ಖಜಾಂಚಿ ಆಗಿದ್ದೆ. 2019ರ ಬೇಸಿಗೆ ನೆನಪಿದೆಯಲ್ವಾ? ಮಂಗಳೂರಿಗೆ ನೀರು ಕೊಡುವ ತುಂಬೆ ಅಣೆಕಟ್ಟಿನಲ್ಲಿ ನೀರು ಇಳಿದು, ಊರಿಗೆ ಸರದಿ ಪ್ರಕಾರ ನೀರು ಬಿಡುತ್ತಿದ್ದರು. ಟ್ಯಾಂಕರ್ ತರಿಸಿ ಮನೆ ಮನೆಗೆ ಲೆಕ್ಕ ಹಂಚುವ ಕೆಲಸ ನನ್ನದು. ಎಲ್ಲಾ ಗೋಡೆ ಒಣಗಿ ಬಿಳಿಚಿಕೊಂಡಿತ್ತು. ಒಂದು ಕಡೆ ಮಾತ್ರ, ಎಸಿ ಪೈಪಿನ ಕೆಳಗೆ, ಅಂಗೈಯಗಲ ಪಾಚಿ ಹಸಿರಾಗಿ ಮಿನುಗುತ್ತಿತ್ತು. ಬೆರಳಿಟ್ಟು ನೋಡಿದೆ, ತಣ್ಣಗಿತ್ತು. ಮೇಲಿನ ಫ್ಲ್ಯಾಟಿಗೆ ಬೀಗ. ಮಾಲೀಕರು ದುಬೈಯಲ್ಲಿ. ನಿಜವಾದ ಕಾರಣ ತುಂಬಾ ಸಾದಾ, ಅವರ ನೆಂಟರೊಬ್ಬರು ಆಫೀಸಿಗೆ ಹೇಳದೆ ಬಂದು ಉಳಿದಿದ್ದರು. ಆದರೆ ಆ ಹಸಿರು ನನ್ನ ತಲೆಯಲ್ಲಿ ಹಾಗೇ ಉಳಿಯಿತು. ಆಫೀಸಿನ ಲೆಕ್ಕದಲ್ಲಿ ಇಲ್ಲದವರನ್ನು ಗೋಡೆ ತೋರಿಸಿಕೊಟ್ಟಿತ್ತು.

2022ರಲ್ಲಿ ಕಥೆ ಬದಿಗಿಟ್ಟು ನಾಲ್ಕು ಉದ್ದದ ನೋಟ್‌ಬುಕ್ ತಂದೆ. ಒಂದು ಗೇಟಿನದು. ಒಂದು ಟ್ಯಾಂಕರ್ ಮತ್ತು ಮೋಟಾರಿನದು. ಒಂದು ಮೈಂಟೆನೆನ್ಸ್ ರಸೀದಿಯದು. ಕೊನೆಯದು ಹಸಿಕಸ ಒಣಕಸದ್ದು. ಮಾರ್ಚ್ ಕೊನೆಯಿಂದ ಮೇ ಮಧ್ಯದ ತನಕ, ಕಾದಂಬರಿಯ 32 ಮನೆಗೂ, ಕಲ್ಪನೆಯಲ್ಲೇ 47 ದಿನದ ಲೆಕ್ಕ ಬರೆದೆ. ಕಥೆಯ ಒಂದು ಸಾಲೂ ಇಲ್ಲ. ಯಾರು ಎಷ್ಟು ಗಂಟೆಗೆ ಹೋದರು, ಯಾವ ಮನೆಯ ಬಕೆಟ್ ಹೊರಗೆ ಬಂತು, ಅಷ್ಟೇ. ಮೂರು ತಿಂಗಳು ಬೇಕಾಯಿತು. "ಲೆಕ್ಕ ಬರೆದರೆ ಕಥೆ ಆಗ್ತದಾ?" ಅಂತ ಮನೆಯಲ್ಲೂ ಕೇಳಿದರು. ಆಡಿಟರ್ ಆಫೀಸಿನಲ್ಲಿ 20 ವರ್ಷ ಕೂತವಳು ನಾನು. ಸುಳ್ಳು ಎಲ್ಲಿ ಸಿಗುತ್ತದೆ ಅಂತ ನನಗೆ ಗೊತ್ತು.

ಆಮೇಲೆ ಒಂಬತ್ತು ಜನರಿಗೆ ಒಂದೊಂದು ಸುಳ್ಳು ಕೊಟ್ಟೆ. ಒಬ್ಬರ ಸುಳ್ಳು ಒಂದೇ ಪುಸ್ತಕದಲ್ಲಿ. ಉಳಿದ ಮೂರನ್ನು ಮುಟ್ಟಲಿಲ್ಲ, ಅಲ್ಲಿ ನಿಜ ಹಾಗೇ ಇದೆ. ಗೇಟ್ ಪುಸ್ತಕದ ಪ್ರಕಾರ 302ರವರು ಬೆಳಿಗ್ಗೆ 6.10ಕ್ಕೆ ಊರಿಗೆ ಹೋಗಿದ್ದಾರೆ. ಮರುದಿನ ಕಸದ ಪುಸ್ತಕದಲ್ಲಿ 302ರ ಹಸಿಕಸಕ್ಕೆ ಗುರುತು ಬಿದ್ದಿದೆ. ಓದುವವರಿಗೂ ಈ ಎರಡು ಪುಟ ಹಾಗೇ ತೋರಿಸುತ್ತೇನೆ, ಆದರೆ ನಡುವೆ 70 ಪುಟ ಇರುತ್ತದೆ. ಕಾದಂಬರಿಯಲ್ಲಿ ಕೊಲೆಯೇ ಇಲ್ಲ. ಟೆರೇಸಿನ ಸಾವನ್ನು ತೆಗೆದ ದಿನ ಪುಸ್ತಕ ಎದ್ದು ನಿಂತಿತು. ಯಾರ ಸುಳ್ಳು ಯಾವ ಪುಸ್ತಕಕ್ಕೆ ಹೋಗಬೇಕು ಅನ್ನುವುದಕ್ಕೆ ನನ್ನದೇ ಒಂದು ಕ್ರಮ ಇದೆ. ಅದು ಮುಂದಿನ ಕಾದಂಬರಿಗೆ ಬೇಕು, ಇಲ್ಲಿ ಹೇಳುವುದಿಲ್ಲ.

ನಡುವೆ ಭಾಷೆಯಲ್ಲೂ ಒಂದು ಪ್ರಯೋಗ ಮಾಡಿದೆ. ಮಾತುಕತೆಯನ್ನೆಲ್ಲ ತುಳು, ಕೊಂಕಣಿ, ಬ್ಯಾರಿಯಲ್ಲೇ ಬರೆದೆ. ಶಿವಮೊಗ್ಗದ ಓದುಗರೊಬ್ಬರು 12ನೇ ಪುಟಕ್ಕೇ ನಿಂತರು. ಎಲ್ಲಾ ತೆಗೆದು ಒಂದು ದೃಶ್ಯ ಮಾತ್ರ ಉಳಿಸಿಕೊಂಡೆ. ಲಿಫ್ಟಿನಲ್ಲಿ ಇಬ್ಬರು ಕೊಂಕಣಿಯಲ್ಲಿ ಮಾತಾಡುತ್ತಿರುತ್ತಾರೆ, ಬಾಗಿಲು ತೆರೆದು ಮೂರನೆಯವರು ಬಂದ ಕೂಡಲೇ ಕನ್ನಡಕ್ಕೆ ಹೊರಳಿ ಮಳೆಯ ಸುದ್ದಿ ಶುರು ಮಾಡುತ್ತಾರೆ. ನಮ್ಮೂರಲ್ಲಿ ದಿನಾ ನಡೆಯುವುದೇ. ಪುಸ್ತಕದಲ್ಲಿ ಮೈ ಜುಂ ಅನ್ನುತ್ತದೆ ಅಂತ ಅದೇ ಶಿವಮೊಗ್ಗದವರು ಹೇಳಿದರು.

ಇನ್ನು ದುಡ್ಡು. ಪುಸ್ತಕವನ್ನು ಕೊನೆಗೆ ನಾನೇ ಅಚ್ಚು ಹಾಕಿಸಿದೆ. ಡೆಮಿ 1/8 ಅಳತೆ, 208 ಪುಟ, ಅಂದರೆ 16 ಪುಟಕ್ಕೆ ಒಂದು ಫಾರಂ ಲೆಕ್ಕದಲ್ಲಿ 13 ಫಾರಂ. 500 ಪ್ರತಿಗೆ ಎಲ್ಲಾ ಸೇರಿ 58 ಸಾವಿರದ ಹತ್ತಿರ. ಜುಲೈಯಲ್ಲಿ ಮುದ್ರಿಸಿದ್ದು ದೊಡ್ಡ ತಪ್ಪು. ಕರಾವಳಿಯ ಮಳೆಯ ತೇವಕ್ಕೆ ಲ್ಯಾಮಿನೇಷನ್ ಮಾಡಿದ ಮುಖಪುಟ ಹಪ್ಪಳದ ಹಾಗೆ ಸುರುಳಿ ಎದ್ದಿತು. ಸುಮಾರು 70 ಪ್ರತಿಗೆ ಹೊಸ ಮುಖಪುಟ ಹಾಕಿಸಬೇಕಾಯಿತು, ಮತ್ತೆ ಆರು ಸಾವಿರ. ಬೆಲೆ 230. ಅಂಗಡಿಯವರಿಗೆ ನೂರಕ್ಕೆ 35ರಿಂದ 40 ಹೋಗುತ್ತದೆ, ಹಾಗಾಗಿ ಅರ್ಧದಷ್ಟು ನಾನೇ ಪ್ಯಾಕ್ ಮಾಡಿ ಅಂಚೆಗೆ ಹಾಕಿದೆ. 14 ತಿಂಗಳಲ್ಲಿ ಮುಗಿಯಿತು. ಕೈಗೆ ಹತ್ತು ಸಾವಿರದ ಆಸುಪಾಸು ಉಳಿಯಿತು, ಹಳೇ ಡಿಟಿಪಿ ಖರ್ಚಿಗೆ ಸರಿಹೋಯಿತು.

ಫೋನ್ ಮಾಡಿದ ಓದುಗರು 90ಕ್ಕೂ ಮೇಲೆ. 180ನೇ ಪುಟಕ್ಕೆ ಮೊದಲು ಗುಟ್ಟು ಹಿಡಿದವರು ಇಬ್ಬರೇ. ಅದರಲ್ಲಿ ಒಬ್ಬರು ಉಡುಪಿಯ ಒಂದು ಅಪಾರ್ಟ್‌ಮೆಂಟಿನ ಸೆಕ್ರೆಟರಿ. ಬಂಗುಡೆ ಬೂತಾಯಿ ಅಂದಿದ್ದ ಗೆಳೆಯರು ಕೊನೆಯ ಅಧ್ಯಾಯದ ತನಕ ತಪ್ಪು ಮನೆಯ ಬಾಗಿಲಲ್ಲೇ ನಿಂತಿದ್ದರಂತೆ. ಈ ಸಲ 300 ಪ್ರತಿ ಹೇಳಿದ್ದೇನೆ. ಮುಖಪುಟವನ್ನು ಫೆಬ್ರವರಿಯಲ್ಲೇ ಪ್ರೆಸ್ಸಿಗೆ ಕೊಟ್ಟಾಗಿದೆ.