ಹ್ಯಾಂಡಿಯಲ್ಲಿ ಅತ್ತೆ-ಸೊಸೆ ಜಗಳ

ಕೇಬಲ್ ಟೀವಿಗೆ ಸೆಟ್‌ಟಾಪ್ ಬಾಕ್ಸ್ ಕಡ್ಡಾಯವಾಗುವ ಮುಂಚಿನ ಕಥೆ ಇದು. ಮೈಸೂರಿನ ನಮ್ಮ ತಾರಸಿಯಲ್ಲಿ ಹ್ಯಾಂಡಿಯಲ್ಲಿ, ಅಂದರೆ ನನ್ನ ಹ್ಯಾಮ್ ರೇಡಿಯೊದ ಕೈಸೆಟ್ಟಿನಲ್ಲಿ, ಎರಡು ಮೀಟರ್ ಬ್ಯಾಂಡ್ (ಹವ್ಯಾಸಿಗಳ ತರಂಗಪಟ್ಟಿ) ಹಾಕಿಕೊಂಡು ಕೂತರೆ, 145.750 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಸ್ಕ್ವೆಲ್ಚ್ (ಸಿಗ್ನಲ್ ಇಲ್ಲದಾಗ ಸದ್ದು ಅಡಗಿಸುವ ಏರ್ಪಾಡು) ಮುಚ್ಚುತ್ತಲೇ ಇರಲಿಲ್ಲ. ಸೆಟ್ಟೇ ಕೆಟ್ಟಿದೆ ಅಂದುಕೊಂಡು ಎರಡು ಭಾನುವಾರ ಬಿಚ್ಚಿ ಕೂತೆ. ಒಂದು ರಾತ್ರಿ ಕಿವಿಗೊಟ್ಟರೆ ಕರಕರ ಸದ್ದಿನ ನಡುವೆ ಯಾರೋ ಹೆಂಗಸು, "ಈ ಮನೇಲಿ ನನ್ನ ಮಾತಿಗೆ ಬೆಲೆನೇ ಇಲ್ವಾ?" ಅನ್ನುತ್ತಿದ್ದಾಳೆ. ಕೆಳಗಿಳಿದರೆ ನಮ್ಮ ಟೀವಿಯಲ್ಲೂ ಅವಳೇ ಅಳುತ್ತಿದ್ದಾಳೆ!

ಲೆಕ್ಕ ಆಗ ಹೊಳೆಯಿತು. ಕೇಬಲ್‌ನ ಎಸ್-6 ಚಾನೆಲ್ಲಿನ ಚಿತ್ರ 140.25 ಮೆಗಾಹರ್ಟ್ಸ್‌ನಲ್ಲಿ. ನಮ್ಮ ಪಾಲ್ ಎಂಬ ಟೀವಿ ಪದ್ಧತಿಯಲ್ಲಿ ಧ್ವನಿ ಅದಕ್ಕಿಂತ 5.5 ಮೇಲೆ. ಕೂಡಿ ನೋಡಿ, 145.75. ತಂತಿಯೊಳಗೇ ಇದ್ದರೆ ಯಾರ ತಕರಾರೂ ಇಲ್ಲ. ಎಲ್ಲೋ ಸೋರುತ್ತಿತ್ತು.

ಉಕ್ಕಿನ ಅಳತೆ ಟೇಪು ಕತ್ತರಿಸಿ, ಪಿವಿಸಿ ಪೈಪಿಗೆ ಕಟ್ಟಿ ಮೂರು ಕಡ್ಡಿಯ ಯಾಗಿ (ದಿಕ್ಕು ತೋರಿಸುವ ಆಂಟೆನಾ) ಮಾಡಿಕೊಂಡು ಹೊರಟೆ. ಹಿಂದೆ ಬೀದಿ ಮಕ್ಕಳ ದಂಡು. ಮೂರನೇ ಅಡ್ಡರಸ್ತೆಯ ತನಕ ಯಾಗಿ ದಾರಿ ತೋರಿಸಿತು. ಆಮೇಲೆ ಯಾವ ಕಡೆ ತಿರುಗಿಸಿದರೂ ಸೆಟ್ಟಿನ ಸಿಗ್ನಲ್ ಮೀಟರ್ ತುಂಬಾ ಗೀಟು. ಹತ್ತಿರ ಹೋದಾಗ ಸೆಟ್ಟನ್ನು ಕಿವುಡು ಮಾಡಬೇಕು: ಯಾಗಿ ಕಿತ್ತು, ಆಂಟೆನಾ ತೂತಿಗೆ ಪೇಪರ್ ಕ್ಲಿಪ್ಪಿನ ತುಂಡು ಸಿಕ್ಕಿಸಿ, ಹ್ಯಾಂಡಿಯನ್ನು ಎದೆಗೊತ್ತಿಕೊಂಡು ನಿಂತಲ್ಲೇ ಸುತ್ತಿದೆ. ಮೀಟರ್ ತೀರಾ ಇಳಿದಾಗ ಸೋರಿಕೆ ಬೆನ್ನ ಹಿಂದಿದೆ ಎಂದರ್ಥ, ಮೈಯೇ ಅಡ್ಡ. (ಎಫ್‌ಎಂನಲ್ಲಿ ಸದ್ದಿನ ಜೋರನ್ನು ನಂಬಿ ಹೋದರೆ ದಾರಿ ತಪ್ಪುತ್ತದೆ.)

ಸಿಕ್ಕಿದ್ದು ಹೊಂಗೆಮರದ ಕೊಂಬೆಯಲ್ಲಿ. ತುಂಡಾದ ಕೇಬಲ್ಲಿನ ಒಳಗಿನ ಎಳೆಯನ್ನಷ್ಟೇ ಕೈಯಲ್ಲಿ ಹೊಸೆದು ಟೇಪ್ ಸುತ್ತಿದ್ದರು. ಸೋರಿಕೆ ತಡೆಯಬೇಕಾದ ಮೇಲಿನ ತಂತಿ ಹೆಣಿಗೆಯನ್ನು ಎರಡೂ ಕಡೆ ಗೇಣುದ್ದ ಸುಲಿದು ಹಾಗೇ ಬಿಟ್ಟಿದ್ದು, ಮಳೆಗೆ ಕಿಲುಬು ಹಿಡಿದಿತ್ತು. ಆಂಟೆನಾ ಕಟ್ಟಿಟ್ಟ ಹಾಗೆಯೇ.

ಪಕ್ಕದ ಮನೆಯ ಅಜ್ಜಿ ಗೇಟಿಗೆ ಬಂದರು. "ಸಂಜೆ ಹೊತ್ತು ಹಲೋ ಹಲೋ ಅನ್ನೋನು ನೀನೇನಪ್ಪಾ? ನಮ್ಮ ಟೀವಿಲಿ ಬರೀ ಗೀಟು ಗೀಟು." ಅವರ ಧಾರಾವಾಹಿ ಹೊರಗೆ ಬರುತ್ತಿದ್ದ ಕಿಂಡಿಯಲ್ಲೇ ನನ್ನ ಸೆಟ್ಟಿನ 5 ವ್ಯಾಟ್ ಸಿಗ್ನಲ್ ಒಳಗೆ ನುಗ್ಗುತ್ತಿತ್ತು!

ಅಲ್ಲಿಯವರೆಗೆ ಕೇಬಲ್ ಹುಡುಗನಿಗೆ ನನ್ನ ರೇಡಿಯೊ ಗೋಳು ಹೇಳಿ ಹೇಳಿ ಸಾಕಾಗಿತ್ತು. ಈ ಸಲ ಅಜ್ಜಿಯಿಂದಲೇ ಫೋನ್ ಮಾಡಿಸಿದೆ. ಮಾರನೇ ಬೆಳಿಗ್ಗೆಯೇ ಏಣಿ ಸಮೇತ ಹಾಜರ್. ಎರಡು ಎಫ್ ಕನೆಕ್ಟರ್, ನಡುವೆ ಜಾಯಿಂಟರ್, ಹತ್ತು ನಿಮಿಷದ ಕೆಲಸ. ಖಾಲಿ ಬಿಟ್ಟಿದ್ದ ಟ್ಯಾಪಿಗೂ (ಮನೆಗೆ ಕೇಬಲ್ ಕವಲೊಡೆಯುವ ಡಬ್ಬಿ) 75 ಓಮ್ ಮುಚ್ಚಳ ಹಾಕಿಸಿದೆ.

ಮೀಟರಿನಲ್ಲಿ ಒಂದೇ ಒಂದು ಗೀಟು ಉಳಿಯಿತು. ಅದು ಹಿಂದಿನ ಬೀದಿಯದು.