ಸೋಫಿಯಾನೋಸ್‌ನ ಗ್ರೀಸನ್ನು ಇಂದಿನ ನಕ್ಷೆಯ ಮೇಲೆ ಕೂರಿಸಿದ್ದು

ಜಿಐಎಸ್, ಅಂದರೆ ಕಂಪ್ಯೂಟರಿನಲ್ಲಿ ನಕ್ಷೆ ಮಾಡುವ ಕೆಲಸ, ನನ್ನ ಹೊಟ್ಟೆಪಾಡು. ರಸ್ತೆ, ಚರಂಡಿ, ಸರ್ವೆ ನಂಬರು, ಅಷ್ಟೇ ಪ್ರಪಂಚ. ಅದರ ನಡುವೆ ಸುಮ್ನೆ ಹವ್ಯಾಸಕ್ಕೆ ಅಂತ ಹಿಡಿದದ್ದು ನಿಕೊಲಾವುಸ್ ಗೆರ್ಬೆಲ್‌ನ ಲ್ಯಾಟಿನ್ ಪುಸ್ತಕ. 1545ರಲ್ಲಿ ಬಾಸೆಲ್‌ನ ಓಪೊರಿನುಸ್ ಅಚ್ಚು ಹಾಕಿದ್ದು. ಮೂಲ ಪ್ರತಿ ಕೊಳ್ಳುವ ಮಾತೇ ಇಲ್ಲ. ನನಗೆ ಸ್ಕ್ಯಾನೇ ಸಾಕಾಯಿತು.

ಈ ಪುಸ್ತಕವನ್ನು ಒಂಟಿಯಾಗಿ ಓದಿದರೆ ಪ್ರಯೋಜನವಿಲ್ಲ. ಕೋರ್ಫು ದ್ವೀಪದ ನಿಕೊಲಾವೊಸ್ ಸೋಫಿಯಾನೋಸ್ ಪ್ರಾಚೀನ ಗ್ರೀಸಿನ ದೊಡ್ಡ ನಕ್ಷೆಯೊಂದನ್ನು ಮಾಡಿದ್ದ. ಸ್ಟ್ರಾಸ್‌ಬೂರ್ಗಿನ ಪಂಡಿತ ಗೆರ್ಬೆಲ್ ಬರೆದದ್ದು ಅದಕ್ಕೆ ವಿವರಣೆ. (ಆಡುಮಾತಿನ ಗ್ರೀಕ್‌ಗೆ ವ್ಯಾಕರಣ ಬರೆದವನೂ ಇದೇ ಸೋಫಿಯಾನೋಸ್. ಹಳೆಯ ಹೆಸರುಗಳ ಹುಚ್ಚು ಇದ್ದವನಿಗೆ ಬೀದಿಯ ಮಾತೂ ಬೇಕಿತ್ತು ನೋಡಿ.) ಗ್ರೀಸಿನ ಊರುಗಳನ್ನು ವರ್ಣಿಸಿದ ಪ್ರಾಚೀನ ಲೇಖಕರಾದ ಸ್ಟ್ರಾಬೋ, ಪೌಸೇನಿಯಸ್ ಇಬ್ಬರ ಗ್ರೀಕ್ ಮೂಲವೂ 1516ರಲ್ಲಿ ವೆನಿಸ್‌ನ ಆಲ್ಡಸ್ ಮುದ್ರಣಾಲಯದಲ್ಲಿ ಅಚ್ಚಾಗಿತ್ತು. ಅವು ಪಂಡಿತರ ಮೇಜಿಗೆ ಬಂದ ಮೇಲೆ ಇಂಥ ಕೆಲಸ ಸಾಧ್ಯವಾಯಿತು.

ಪುಸ್ತಕದಲ್ಲಿ ಮರದಚ್ಚಿನ ಚಿತ್ರಗಳಿವೆ. ನೋಡೋಕೆ ಚಂದ, ಅಳತೆಗೆ ಬರುವುದಿಲ್ಲ. ಹಾಗಾಗಿ ಅದೇ ಶತಮಾನದ ನಕ್ಷೆಗಾರ ಓರ್ಟೆಲಿಯಸ್ ಸೋಫಿಯಾನೋಸ್‌ನ ನಕ್ಷೆಯನ್ನು ಕಿರಿದು ಮಾಡಿ ತಾಮ್ರದ ತಗಡಿನಿಂದ ಅಚ್ಚು ಮಾಡಿಸಿದ ‘ಗ್ರೇಸಿಯಾ ಸೋಫಿಯಾನಿ’ಯನ್ನು ಇಂದಿನ ನಕ್ಷೆಯ ಮೇಲೆ ಕೂರಿಸಲು ಕ್ಯೂಜಿಐಎಸ್ ಅನ್ನುವ ನಕ್ಷೆ ತಂತ್ರಾಂಶಕ್ಕೆ ಹಾಕಿಕೊಂಡೆ.

ಅಂಚಿನ ರೇಖಾಂಶವನ್ನು ನೆಚ್ಚಿಕೊಳ್ಳಲಿಲ್ಲ. ಆ ಕಾಲದವರು ಪ್ರಾಚೀನ ಭೂಗೋಳಜ್ಞ ಟಾಲೆಮಿಯನ್ನು ನಂಬಿದವರು. ಅವನ ಪ್ರಕಾರ ಅಥೆನ್ಸ್ 52 ಡಿಗ್ರಿ 45 ನಿಮಿಷದಲ್ಲಿದೆ, ಇವತ್ತಿನ ಲೆಕ್ಕದಲ್ಲಿ ಸುಮಾರು 23 ಡಿಗ್ರಿ 43. ಅವನು ಎಣಿಕೆ ಶುರು ಮಾಡುವುದು ಕೆನರಿ ದ್ವೀಪಗಳಿಂದ, ಅಲ್ಲೇ ಸುಮಾರು 18 ಡಿಗ್ರಿ ಹೋಯಿತು. ಉಳಿದದ್ದು ಮೆಡಿಟರೇನಿಯನ್ ಸಮುದ್ರವನ್ನು ಅವನು ಜಾಸ್ತಿ ಉದ್ದ ಮಾಡಿದ್ದರಿಂದ ಬಂದದ್ದು.

ಹಾಗಾದರೆ ಹಳೆಯ ನಕ್ಷೆಯನ್ನು ಇಂದಿನದಕ್ಕೆ ಹೊಂದಿಸುವ ಗುರುತಿನ ಬಿಂದುಗಳು ಎಲ್ಲಿ? ಊರುಗಳನ್ನು ಬಿಟ್ಟು ಭೂಶಿರಗಳನ್ನು ಹಿಡಿದೆ. ಟೈನಾರಮ್, ಮಲೇಯಾ, ಸೂನಿಯಮ್, ಕೊರಿಂಥದ ಭೂಸಂಧಿ, ಖಾಲ್ಕಿಡಿಕಿಯಲ್ಲಿ ಬೆರಳಿನಂತೆ ಚಾಚಿದ ಮೂರು ನೆಲದ ತುದಿ. ಬಂಡೆ ಎಲ್ಲೂ ಓಡಿಹೋಗುವುದಿಲ್ಲ, ಅಲ್ವಾ? ಮಣ್ಣಿನ ತೀರ ಹಾಗಲ್ಲ. ಥರ್ಮೋಪಿಲೆಯಲ್ಲಿ ಹೊಳೆ ಹೂಳು ತುಂಬಿ ಸಮುದ್ರ ದೂರ ಸರಿದಿದೆ. ಬಂದರಾಗಿದ್ದ ಮಿಲೇಟಸ್ ಈಗ ಒಳನಾಡು. ಅಂಥ ಜಾಗಕ್ಕೆ ಪಿನ್ ಹಾಕಿದರೆ ನಕ್ಷೆ ಸೊಟ್ಟಗಾಗುತ್ತದೆ. ಬಿಯೋಷಿಯಾದ ಕೋಪಾಯಿಸ್ ಕೆರೆಯನ್ನಂತೂ ಉಪಗ್ರಹ ಚಿತ್ರದಲ್ಲಿ ಹುಡುಕಬೇಡಿ, ಅದನ್ನು ಬತ್ತಿಸಿ ಹೊಲ ಮಾಡಿದ್ದಾರೆ.

ನಕ್ಷೆ ಕೂರಿಸುವ ವಿಧಾನಗಳಲ್ಲಿ ಥಿನ್ ಪ್ಲೇಟ್ ಸ್ಪ್ಲೈನ್ ಅನ್ನುವುದನ್ನು ಆರಿಸಿಕೊಂಡರೆ ಎಲ್ಲವೂ ಚೆನ್ನಾಗಿ ಕೂರುತ್ತದೆ. ಅದೇ ತೊಂದರೆ. ರಬ್ಬರ್ ಹಾಳೆ ಎಳೆದ ಹಾಗೆ ಪ್ರತಿ ಬಿಂದುವನ್ನೂ ಅದು ಜಾಗಕ್ಕೆ ತರುತ್ತದೆ, ತಪ್ಪು ಎಷ್ಟಿತ್ತು ಅಂತ ಗೊತ್ತೇ ಆಗುವುದಿಲ್ಲ. ನನಗೆ ಬೇಕಿದ್ದದ್ದೇ ಆ ತಪ್ಪು. ಅದಕ್ಕೆ ಇಡೀ ನಕ್ಷೆಯನ್ನು ಒಂದೇ ಸಮನಾಗಿ ಎಳೆದು ತಿರುಗಿಸುವ ಪಾಲಿನೋಮಿಯಲ್ 1 ಇಟ್ಟುಕೊಂಡೆ. ಮೂರು ಬಿಂದು ಇದ್ದರೂ ಅದು ನಡೆಯುತ್ತದೆ, ಆದರೆ ತಪ್ಪು ಕಾಣಬೇಕಾದರೆ ಅದಕ್ಕಿಂತ ಹೆಚ್ಚು ಬೇಕು.

ಗೆರ್ಬೆಲ್ ಕೆಲಸಕ್ಕೆ ಬಂದದ್ದು ಆಮೇಲೆ. ಒಳನಾಡಿನ ಊರೊಂದು ದೂರ ಹೋಗಿದ್ದರೆ, ಅದರ ಬಗ್ಗೆ ಹಳಬರಲ್ಲಿ ಯಾರು ಏನು ಹೇಳಿದ್ದಾರೆ ಅಂತ ಅವನ ಪುಸ್ತಕದಲ್ಲಿ ಹುಡುಕುತ್ತೇನೆ. ಪೌಸೇನಿಯಸ್ ದಾರಿ ಹೋಕನಂತೆ ‘ಎಡಕ್ಕೆ’, ‘ಬಲಕ್ಕೆ’ ಅನ್ನುತ್ತಾನೆ, ಇಷ್ಟು ಸ್ಟೇಡಿಯ (ಗ್ರೀಕರ ದೂರದ ಅಳತೆ) ಅನ್ನುತ್ತಾನೆ. ಅಂಥ ಮಾತಿನಿಂದ ನಕ್ಷೆ ಬರೆದರೆ ಊರು ಸರಿಯುವುದು ಸಹಜ. ಸೋಫಿಯಾನೋಸ್‌ಗೆ ದಾರಿ ತಪ್ಪಿತು ಅನ್ನುವ ಬದಲು ಅವನ ಮುಂದೆ ಯಾವ ಪುಟ ತೆರೆದಿತ್ತು ಅಂತ ಕೇಳುವುದು ಸರಿ ಅಂತ ನನ್ನ ಅನಿಸಿಕೆ.

ಹುಡುಕುವ ಕೆಲಸ ಮಾತ್ರ ಕೈಯಲ್ಲೇ ಆಗಬೇಕು. ಹಳೆಯ ಅಚ್ಚಿನ ಉದ್ದನೆಯ ‘ಎಸ್’ ಅನ್ನು ‘ಎಫ್’ ಅಂತ ಓದಿ ಓಸಿಆರ್ (ಸ್ಕ್ಯಾನಿನ ಅಕ್ಷರ ಗುರುತಿಸುವ ತಂತ್ರಾಂಶ) ಎಡವುತ್ತದೆ. ಅಕ್ಷರದ ತಲೆ ಮೇಲೆ ಗೆರೆ ಎಳೆದಿದ್ದರೆ ಅಲ್ಲೊಂದು ‘ಎನ್’ ಅಥವಾ ‘ಎಂ’ ನುಂಗಿದ್ದಾರೆ ಅಂತ ತಿಳಿಯಬೇಕು. ಅದಕ್ಕೇ ಪ್ರತಿ ಬಿಂದುವಿನ ಪಟ್ಟಿಯಲ್ಲಿ ಹಳೆಯ ಹೆಸರು, ಈಗಿನ ಹೆಸರಿನ ಜೊತೆ ಇನ್ನೊಂದು ಕಾಲಂ ಸೇರಿಸಿದ್ದೇನೆ: ಯಾವ ಲೇಖಕ, ಗೆರ್ಬೆಲ್‌ನಲ್ಲಿ ಯಾವ ಪುಟ.